ನೀರು ಕೇಳಿದವರಿಗೆ

ಆಂಬುಲೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ನಾನು ಮೊದಲ ದಿನ ಸ್ಟ್ರೆಚರ್ ಮೇಲೆ ಮಲಗಿಸುತ್ತೇನೆ. ಪುಸ್ತಕದ ಪಾಠ ಅವರಿಗೆ ಆಗಿರುತ್ತದೆ, ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಹೊಚ್ಚಹೊಸ ಸ್ಟೆತಸ್ಕೋಪ್ ಮದುವೆ ಹಾರದಂತೆ ಕೊರಳಲ್ಲಿ ತೂಗುತ್ತಿರುತ್ತದೆ. ಅದನ್ನು ತೆಗೆಸಿ ಪಕ್ಕಕ್ಕಿಟ್ಟು, ಮಲಗಿಸಿ, ಎದೆಗೂ ಕಾಲಿಗೂ ಬೆಲ್ಟ್ ಬಿಗಿದು, ಆಕ್ಸಿಜನ್ ಮಾಸ್ಕ್ ಹಾಕಿ, ಬಾಗಿಲು ಮುಚ್ಚಿ ರಾಜೀವನಗರದ ರಸ್ತೆಗಳಲ್ಲಿ ಒಂದು ಸುತ್ತು ಹಾಕಿಸುತ್ತೇನೆ. ಅಲ್ಲೇ ಏಕೆಂದರೆ ನಮ್ಮ ಡ್ರೈವರ್ ಭಾಯಿಯ ಮನೆ ಅಲ್ಲಿದೆ. ಯಾವ ತಿರುವಿನಲ್ಲಿ ಯಾವ ಹಂಪ್ ಎಂಬುದು ಅವರಿಗೆ ಬಾಯಿಪಾಠ. ರೋಗಿ ಇದ್ದಾಗ ಆ ಹಂಪುಗಳನ್ನು ಅವರು ನಿದ್ದೆಯ ಮಗುವನ್ನು ಎತ್ತಿಕೊಂಡಷ್ಟು ಮೆಲ್ಲಗೆ ದಾಟಿಸುತ್ತಾರೆ. ಹೊಸಬರಿದ್ದಾಗ ಹಾಗೆ ದಾಟಿಸಬೇಡಿ ಎಂದು ನಾನೇ ಹೇಳಿರುತ್ತೇನೆ.

ಡೀಸೆಲ್ ದಂಡ ಎಂದು ನಮ್ಮ ಸೂಪರ್‌ವೈಸರ್ ಗೊಣಗುತ್ತಾರೆ. ಗೊಣಗಲಿ. ನಾನು ಈ ಗಾಡಿ ಹತ್ತಿದಾಗ ಅವರಿನ್ನೂ ಕಾಲೇಜಿಗೆ ಚಕ್ಕರ್ ಹೊಡೆದು ಓಡಾಡುತ್ತಿದ್ದ ವಯಸ್ಸು. ಮಲಗಿದವರಿಗೆ ಲೋಕ ಹೇಗೆ ಕಾಣುತ್ತದೆ ಎಂದು ಗೊತ್ತಿಲ್ಲದೆ ಮಲಗಿದವರನ್ನು ನೋಡಿಕೊಳ್ಳಲು ಹೋಗಬಾರದು. ಮಲಗಿದವರಿಗೆ ಕಾಣುವುದು ಗಾಡಿಯ ಬಿಳಿ ಸೀಲಿಂಗು, ತೂಗಾಡುವ ಒಂದು ಕೊಳವೆ, ಮೇಲಿನಿಂದ ಬಗ್ಗಿದವರ ಮೂಗಿನ ಹೊಳ್ಳೆ, ಅಷ್ಟೇ.

ಸುತ್ತು ಮುಗಿಸಿ ಇಳಿದವರನ್ನು ಏನನ್ನಿಸಿತು ಎಂದು ಕೇಳುತ್ತೇನೆ. ಸಾಮಾನ್ಯವಾಗಿ ತಲೆ ಸುತ್ತುತ್ತಿದೆ ಎನ್ನುತ್ತಾರೆ. ಒಬ್ಬ ಜಿಮ್ ಪೈಲ್ವಾನ ಇಳಿದವನೇ ಚರಂಡಿಯ ಪಕ್ಕ ಕುಳಿತು ಬೆಳಗಿನ ದೋಸೆಯನ್ನೆಲ್ಲ ವಾಪಸ್ ಕೊಟ್ಟಿದ್ದ. ಆದರೆ ನಾನು ಈಗ ಹೇಳಹೊರಟಿರುವ ಹುಡುಗಿ ಇಳಿದು, ಕೂದಲು ಸರಿಮಾಡಿಕೊಂಡು, ಸ್ವಲ್ಪ ಮುನಿಸಿನಲ್ಲೇ ಹೇಳಿದಳು:

"ನೀವೂ ಭಾಯಿನೂ ನನ್ ತಲೆ ಮೇಲೆ ಕಾಫಿ ಪುಡಿ ವಿಚಾರ ಮಾತಾಡ್ತಿದ್ರಿ ಮೇಡಂ. ನಾನು ಅಲ್ಲಿ ಇಲ್ವೇ ಇಲ್ಲ ಅನ್ನೋ ಅಂಗಿತ್ತು."

ಭಾಯಿ ನನ್ನ ಮುಖ ನೋಡಿದರು, ನಾನು ಭಾಯಿಯ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಆ ಉತ್ತರ ಕೊಟ್ಟವಳು ಅವಳೊಬ್ಬಳೇ. ಇವಳು ನನ್ನ ಕೈಗೆ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಹೊಸಬರು ತಲೆ ಮೇಲೆ ಹತ್ತಿ ಕೂರುತ್ತಾರೆ.

ಇಪ್ಪತ್ತರ ಆಸುಪಾಸಿನ ಹುಡುಗಿ. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಅಪ್ಪ ಅಮ್ಮ ಬಹಳ ಹಿಂದೆ ಮೈಸೂರಿಗೆ ಬಂದು ನೆಲೆಸಿದವರು. ಅಪ್ಪ ಗಾರೆ ಕೆಲಸ, ಅಮ್ಮ ಹಾಸ್ಟೆಲ್ ಒಂದರಲ್ಲಿ ಅಡುಗೆ. ಮೊದಲ ವಾರದಲ್ಲೇ ಅವಳು ಬುದ್ಧ ಪೂರ್ಣಿಮೆಗೆ ರಜೆ ಸಿಗುತ್ತದೆಯೇ ಎಂದು ಕೇಳಿದಳು. ನನ್ನ ಹಬ್ಬಗಳಿಗೆ ರಜೆ ಸಿಗದೆ ಎಷ್ಟೋ ವರ್ಷವಾಯಿತು, ನಿನ್ನದಾದರೂ ನೋಡೋಣ ಎಂದೆ. ಸಿಗಲಿಲ್ಲ. ಅವಳು ಮಾರನೆಯ ದಿನ ಡಬ್ಬಿಯಲ್ಲಿ ಪಾಯಸ ತಂದು ನಮ್ಮಿಬ್ಬರಿಗೂ ಕೊಟ್ಟಳು.

ನಾನು ಕಲಿಸುವುದು ದೊಡ್ಡ ವಿದ್ಯೆಯೇನಲ್ಲ. ಮನೆಗೆ ಹೋದ ಕೂಡಲೇ ರೋಗಿಯ ಮಗನ ಹತ್ತಿರ ಅಲ್ಲ, ರೋಗಿಯ ಹತ್ತಿರ ಮಾತಾಡು. ನೀನು ಯಾರು ಎಂದು ಹೇಳು. ಮುಟ್ಟುವ ಮೊದಲು ಮುಟ್ಟುತ್ತೇನೆ ಎಂದು ಹೇಳು. ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಎದೆಗಿಡು. ಬಟ್ಟೆ ಸರಿಸಿದರೆ ಹೊದಿಕೆ ಹಾಕು, ಓಣಿಯವರೆಲ್ಲ ಕಿಟಕಿಯಲ್ಲಿರುತ್ತಾರೆ. "ಏನೂ ಆಗಲ್ಲ" ಎಂದು ಮಾತ್ರ ಯಾರಿಗೂ ಹೇಳಬೇಡ, ಅದು ನಿನಗೆ ಗೊತ್ತಿಲ್ಲ. "ನಾನು ಇಲ್ಲೇ ಇದೀನಿ" ಎನ್ನು, ಅದು ಸುಳ್ಳಾಗುವುದಿಲ್ಲ. ನಾಡಿ ನೋಡುವುದು, ಬಿ.ಪಿ. ನೋಡುವುದು, ಬೆರಳು ಚುಚ್ಚಿ ಸಕ್ಕರೆ ನೋಡುವುದು ಎಲ್ಲ ಆಮೇಲೆ.

ಹುಡುಗಿ ಬೇಗ ಕಲಿತಳು. ನಲವತ್ತೈದು ದಾಟದ ಹೆಂಗಸರನ್ನು "ಅಜ್ಜಿ" ಎಂದು ಕರೆದು ಒಂದೆರಡು ಕಡೆ ಬೈಸಿಕೊಂಡಳು ಬಿಟ್ಟರೆ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ದಿನಗಳು ಚೆನ್ನಾಗಿದ್ದವು. ಬೆಳಗ್ಗೆ ಗಾಡಿ ಒರೆಸುವಾಗ ಸಿಲಿಂಡರ್, ಬ್ಯಾಂಡೇಜು, ಹೀರುವ ಯಂತ್ರ ಎಲ್ಲ ಸರಿಯಿದೆಯೇ ಎಂದು ಅವಳು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಭಾಯಿ ಹೊರಗಿನಿಂದ "ಡ್ರೈವರ್ ಸರಿಯಿದಾನಾ ನೋಡು ಬೇಟಿ, ಚಾ ಇಲ್ದೆ ಪಲ್ಸ್ ಇಳಿದೋಗಿದೆ" ಎನ್ನುತ್ತಿದ್ದರು. ಕರೆ ಇಲ್ಲದ ಹೊತ್ತಿನಲ್ಲಿ ಗಾಡಿಯ ನೆರಳಿನಲ್ಲಿ ಮೂವರೂ ಕುಳಿತು ಡಬ್ಬಿ ಬಿಚ್ಚುತ್ತಿದ್ದೆವು. ಅವಳ ಅಮ್ಮನ ಹುರುಳಿ ಬಸ್ಸಾರಿಗಾಗಿ ಭಾಯಿ ತಮ್ಮ ಮನೆಯ ಖೀಮಾವನ್ನೇ ಪಕ್ಕಕ್ಕೆ ಸರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತೊಂದರೆ ಬಂದದ್ದು ನೀರಿನಿಂದ.

ರಿಂಗ್ ರೋಡಿನಲ್ಲಿ ಬೈಕು ಜಾರಿ ಒಬ್ಬ ಬಿದ್ದಿದ್ದ. ನಮ್ಮ ಜನ ಹೇಗೆಂದು ನಿಮಗೆ ಗೊತ್ತೇ ಇದೆ. ಯಾರಾದರೂ ಬಿದ್ದರೆ ಮೊದಲು ನೀರು, ಇಲ್ಲದಿದ್ದರೆ ಸೋಡಾ. ಮುಖಕ್ಕೆ ಚಿಮುಕಿಸುತ್ತಾರೆ, ಆಮೇಲೆ ಬಾಯಿಗೆ ಬಿಡುತ್ತಾರೆ. ಕರುಣೆಯಿಂದಲೇ ಮಾಡುವುದು. ಆದರೆ ತಲೆಗೆ ಪೆಟ್ಟು ಬಿದ್ದು ಮಂಪರಿನಲ್ಲಿರುವವರಿಗೆ ನುಂಗುವ ಹಿಡಿತ ಇರುವುದಿಲ್ಲ. ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಇಲ್ಲವೇ ವಾಂತಿಯಾಗಿ ಉಸಿರಿನ ದಾರಿ ಕಟ್ಟುತ್ತದೆ. ಅದಕ್ಕೇ ಅಂಥವರ ಬಾಯಿಗೆ ಏನೂ ಹಾಕಬಾರದು ಎನ್ನುವುದು ನಮ್ಮ ಮೊದಲ ಪಾಠಗಳಲ್ಲಿ ಒಂದು. ಹುಡುಗಿಗೆ ಅದು ಗೊತ್ತಿತ್ತು, ಕೇಳಿದರೆ ಪಟಪಟನೆ ಹೇಳುತ್ತಿದ್ದಳು.

ಅವನನ್ನು ಹಲಗೆಗೆ ಕಟ್ಟಿ ಗಾಡಿಗೆ ಏರಿಸಿದ್ದೆವು. ನಾನು ಆಸ್ಪತ್ರೆಗೆ ಫೋನ್ ಮಾಡಲು ಆ ಕಡೆ ತಿರುಗಿದ್ದೆ. ಅವನು ಅರೆಗಣ್ಣಿನಲ್ಲಿ "ನೀರು, ನೀರು ಅಕ್ಕ" ಎಂದಿರಬೇಕು. ನಾನು ಇತ್ತ ತಿರುಗುವುದರೊಳಗೆ ಅವಳು ತನ್ನ ಬಾಟಲಿಯ ಮುಚ್ಚಳದಲ್ಲಿ ನೀರು ಬಗ್ಗಿಸಿ ಅವನ ಬಾಯಿಗೆ ಹಾಕಿಯಾಗಿತ್ತು. ಅವನು ಕೆಮ್ಮಿದ, ಗೊರಗೊರ ಸದ್ದು ಬಂತು, ಹಿಂದೆಯೇ ವಾಂತಿ. ಹಲಗೆ ಸಮೇತ ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಹೀರುವ ಯಂತ್ರ ಹಾಕಿ ಬಾಯಿ ಚೊಕ್ಕಟ ಮಾಡುವುದರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅವನು ಉಳಿದುಕೊಂಡ. ಆಸ್ಪತ್ರೆಯಲ್ಲಿ ಒಪ್ಪಿಸಿ ಹೊರಗೆ ಬಂದವಳೇ ನಾನು ಆಸ್ಪತ್ರೆಯ ಆವರಣ ಎನ್ನುವುದನ್ನೂ ನೋಡದೆ ಅವಳನ್ನು ತರಾಟೆಗೆ ತೆಗೆದುಕೊಂಡೆ. ನನ್ನ ಬಾಯಿ ಒಳ್ಳೆಯದಲ್ಲ, ನಮ್ಮ ಮನೆಯವರನ್ನು ಕೇಳಿದರೂ ಹೇಳುತ್ತಾರೆ.

ಅವಳು ಅಳಲಿಲ್ಲ. ತಲೆ ತಗ್ಗಿಸಿ ನಿಂತು, ಕೊನೆಗೆ ಒಂದೇ ಮಾತು ಹೇಳಿದಳು: "ಗೊತ್ತಿತ್ತು ಮೇಡಂ. ಕೇಳ್ಬುಟ್ಟ. ಇಲ್ಲ ಅನ್ನಕ್ಕೆ ಆಗ್ಲಿಲ್ಲ."

ವಿಷಯ ಸೂಪರ್‌ವೈಸರ್ ಕಿವಿಗೆ ಹೋಯಿತು. ಅವರು ನನ್ನನ್ನು ಕರೆಸಿ, ತಿಂಗಳ ಕೊನೆಯವರೆಗೆ ನೋಡಿ ಎಂದರು. ಗಾಡಿಯಲ್ಲಿ ಒಬ್ಬಳೇ ರೋಗಿಯನ್ನು ನೋಡಿಕೊಳ್ಳುತ್ತಾಳೆ ಎಂದು ನೀವು ಹೇಳಿದರೆ ಗಾಡಿ, ಇಲ್ಲದಿದ್ದರೆ ಫೋನ್ ಎತ್ತುವ ಕುರ್ಚಿ. ಸಂಬಳ ಎರಡಕ್ಕೂ ಒಂದೇ. ಆದರೆ ಕುರ್ಚಿ ಎಂದ ಕೂಡಲೇ ಅವಳ ಮುಖ ಸುಟ್ಟ ಬದನೆಕಾಯಿ ಆಯಿತು. ಅವಳು ಈ ಕೆಲಸಕ್ಕೆ ಬಂದದ್ದೇ ಗಾಡಿಗಾಗಿ. ಚಿಕ್ಕವಳಿದ್ದಾಗ ಅವರ ಬೀದಿಗೆ ಎಷ್ಟು ಕರೆದರೂ ಆಂಬುಲೆನ್ಸ್ ಬಂದಿರಲಿಲ್ಲವಂತೆ, ಆಟೋದಲ್ಲಿ ಚಿಕ್ಕಪ್ಪನನ್ನು ಒಯ್ಯುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತಂತೆ. ಇದನ್ನು ಅವಳು ನನಗೆ ಹೇಳಿದ್ದು ಆ ದಿನವೇ.

ಅವತ್ತು ಸಂಜೆ ಅವಳನ್ನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟೆ. ಬೈದದ್ದಕ್ಕೆ ಸಮಾಧಾನ ಮಾಡಲು ಅಲ್ಲ. ಬೈದದ್ದು ಸರಿಯೇ ಇತ್ತು. ಊಟ ಮಾಡದೆ ಮಲಗುತ್ತಾಳೇನೋ ಎಂಬ ಅನುಮಾನ, ಅಮ್ಮನ ಕಿವಿಗೆ ಒಂದು ಮಾತು ಹಾಕಿ ಬರೋಣ ಎಂದಷ್ಟೇ. ಊರ ಅಂಚಿನ ಬಡಾವಣೆ, ಒಂದೇ ಅಳತೆಯ ಮನೆಗಳ ಸಾಲು. ಅವರ ಮನೆಯ ಗೇಟಿನ ಹೊರಗೆ ಕಲ್ಲಿನ ಮೇಲೆ ಒಂದು ಮಣ್ಣಿನ ಮಡಕೆ, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಸ್ಟೀಲ್ ಲೋಟ. ಕಳ್ಳರ ಭಯಕ್ಕೆ ಲೋಟಕ್ಕೆ ಸರಪಳಿ ಕೂಡ ಇರಲಿಲ್ಲ. ಪಕ್ಕದಲ್ಲಿ ಅಜ್ಜಿ ಕುಳಿತಿದ್ದರು, ಅವಳ ಅಪ್ಪನ ತಾಯಿ.

"ಕುಡಿಯವ್ವ," ಎಂದು ಮೊದಲು ಲೋಟ ಕೊಟ್ಟು, ಆಮೇಲೆ "ಯಾರು?" ಎಂದು ಕೇಳಿದರು.

ಮೊಮ್ಮಗಳು ನಡೆದದ್ದನ್ನೆಲ್ಲ ಅಲ್ಲೇ ಒಪ್ಪಿಸಿದಳು. ಅಜ್ಜಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. ತಾವು ಬಸುರಿಯಾಗಿದ್ದಾಗ ಕಳೆ ಕೀಳಲು ಹೋಗಿ ವಾಪಸ್ಸು ಬರುವಾಗ ಬಿಸಿಲಿಗೆ ಕಣ್ಣು ಕತ್ತಲೆ ಬಂದು ಒಂದು ಮನೆಯ ಮುಂದೆ ನೀರು ಕೇಳಿದರಂತೆ. ಮನೆಯವರು ಮೊದಲು ಇಲ್ಲ ಎಂದರಂತೆ. ಅಲ್ಲೇ ಕುಳಿತುಬಿಟ್ಟಾಗ ಮನೆಯಾಕೆ ಬಂದು ಬೊಗಸೆ ಹಿಡಿ ಎಂದು ಜಗಲಿಯ ಮೇಲಿನಿಂದ ಹೊಯ್ದಳಂತೆ.

"ಮೊಣಕೈಗಂಟ ಅರಿದೋಯ್ತು ಕಣವ್ವ. ಗಂಟ್ಲಿಗೆ ಬಂದಿದ್ದು ಒಂದು ಗುಟುಕು. ಲೋಟ ಅನ್ನದ ನಾವು ಆ ಮನೆಗಳಲ್ಲಿ ಕಣ್ಣಲ್ಲಿ ನೋಡಿದ್ದಷ್ಟೇಯ," ಎಂದರು. "ಅದುಕ್ಕೇ ಈ ಮಕ್ಳುಗೆಲ್ಲ ಏಳಿವ್ನಿ. ಯಾರಾರ ಆಗ್ಲಿ, ನೀರ್ ಕೇಳ್ದೋರ್ಗೆ ಇಲ್ಲ ಅನ್ನಬ್ಯಾಡಿ ಅಂತವ."

ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಸಿಟ್ಟು ಬಂತು, ಆ ಜಗಲಿಯ ಮೇಲೆ, ಕಾಣದ ಆ ಹೆಂಗಸಿನ ಮೇಲೆ. ಜೊತೆಗೆ ಸಂಕಟವೂ ಆಯಿತು. ಪಾಠ ಮರೆತವರಿಗೆ ಕಲಿಸಬಹುದು. ಇವಳು ಮರೆತಿರಲಿಲ್ಲ. ಅವಳಿಗೆ ಇನ್ನೊಂದು ಪಾಠ ಅದಕ್ಕಿಂತ ಮೊದಲೇ, ಅದಕ್ಕಿಂತ ಆಳವಾಗಿ ಆಗಿತ್ತು, ಆ ಪಾಠ ತಪ್ಪು ಎಂದು ಹೇಳಲು ನನಗೆ ಬಾಯಿ ಇರಲಿಲ್ಲ. ಆ ನೀರು ಕುಡಿದು, ಅಜ್ಜಿಗೆ ಕೈಮುಗಿದು ಬಂದೆ.

ಆಮೇಲೆ ಹುಡುಗಿ ಇನ್ನೊಂದು ತುದಿಗೆ ಹೋದಳು. ಹೆಬ್ಬಾಳದ ಕಾರ್ಖಾನೆಯೊಂದರಿಂದ ಕರೆ ಬಂತು. ಶಿಫ್ಟಿಗೆ ಬಂದಿದ್ದ ಒಬ್ಬ ನಡುವಯಸ್ಕ ಗೇಟಿನ ಹತ್ತಿರ ಕುಸಿದು ಕುಳಿತಿದ್ದ. ಶನಿವಾರದ ಒಪ್ಪತ್ತು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಾನೆ. ಮೈಯೆಲ್ಲ ಬೆವರು, ಕೈ ನಡುಕ. ಆದರೆ ಕಣ್ಣು ತೆರೆದಿದ್ದ, ತನ್ನ ಹೆಸರು ಹೇಳುತ್ತಿದ್ದ, ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂದು ಬೈಯುತ್ತಲೂ ಇದ್ದ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೀರಾ ಕೆಳಗೆ ಇಳಿದಿತ್ತು. ಸೆಕ್ಯೂರಿಟಿಯವರು ಒಂದು ಲೋಟ ಸಕ್ಕರೆ ನೀರು ಕಲಸಿ ತಂದರು. ನಮ್ಮ ಹುಡುಗಿ ಅಡ್ಡ ನಿಂತುಬಿಟ್ಟಳು, ಲೋಟ ಕಿತ್ತುಕೊಂಡು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು.

"ಬಾಯಿಗೆ ಏನೂ ಆಕೋ ಆಗಿಲ್ಲ ಸಾರ್! ರೂಲ್ಸು!"

"ಅಯ್ಯೋ ಮಾರಾಯ್ತಿ," ಎಂದೆ ನಾನು, "ಇವರಿಗೆ ಬೇಕಾಗಿರೋ ಔಷಧಿ ಅದೇ ಕಣೇ."

ಲೋಟ ಬಿಡಿಸಿಕೊಂಡು ಅಲ್ಲೇ ಪಾಠ ಮಾಡಿದೆ. ಮಾತಾಡಿಸು. ನೆಟ್ಟಗೆ ಕೂರುತ್ತಾರಾ ನೋಡು. ಎಂಜಲು ನುಂಗಿ ತೋರಿಸಿ ಎನ್ನು. ನುಂಗಿದರಾ? ಕೆಮ್ಮಲಿಲ್ಲವಾ? ಹಾಗಾದರೆ ಗುಟುಕು ಗುಟುಕಾಗಿ ಕೊಡು. ಎಲ್ಲರಿಗೂ ಕೊಡುವುದೂ ಸುಲಭ, ಯಾರಿಗೂ ಕೊಡದೆ ಇರುವುದೂ ಸುಲಭ. ಎದುರಿಗಿರುವವರನ್ನು ನೋಡಿ ತೀರ್ಮಾನ ಮಾಡುವುದಕ್ಕೆ ಸಂಬಳ ಕೊಡುವುದು. ಆ ಮನುಷ್ಯ ಸಕ್ಕರೆ ನೀರು ಕುಡಿದು ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, ಹುಡುಗಿಯನ್ನು ನೋಡಿ "ನೀನು ನನ್ ಹೆಂಡ್ತಿಗಿಂತ ಸ್ಟ್ರಿಕ್ಟು ಕಣಮ್ಮ" ಎಂದ. ವಾಪಸ್ಸು ಬರುವ ದಾರಿಯುದ್ದಕ್ಕೂ ಭಾಯಿ "ರೂಲ್ಸು" ಎಂದು ಹೇಳಿ ಹೇಳಿ ನಕ್ಕರು. ಮೂರನೆಯ ಸಲಕ್ಕೆ ಅವಳೂ ನಕ್ಕಳು.

ತಿಂಗಳು ಮುಗಿಯುತ್ತ ಬಂದಿತ್ತು. ಸೂಪರ್‌ವೈಸರ್ ದಿನಾ ಬೆಳಗ್ಗೆ "ಏನ್ ಮೇಡಂ, ಗಾಡಿನೋ ಕುರ್ಚಿನೋ?" ಎಂದು ಕೇಳುತ್ತಿದ್ದರು. ಮುಂದಿನ ಕರೆಯಲ್ಲಿ ನಾನು ಬಾಯಿ ಬಿಡುವುದಿಲ್ಲ, ಎಲ್ಲ ಅವಳದೇ, ಅದನ್ನು ನೋಡಿ ಹೇಳುತ್ತೇನೆ ಎಂದೆ. ಅವಳಿಗೂ ಅದನ್ನೇ ಹೇಳಿದೆ. ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ಕೈ ಹಾಕುತ್ತೇನೆ, ಉಳಿದಂತೆ ನಾನು ಬರೀ ಸ್ಟ್ರೆಚರಿನ ಹಿಂದಿನ ತುದಿ ಹಿಡಿಯುವವಳು. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಎನ್ನುವುದನ್ನು ಭಾಯಿ ನಂಬಲಿಲ್ಲ.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಕರೆ ಬಂತು. ದೇವರಾಜ ಮೊಹಲ್ಲಾದ ಹಿಂಬದಿಯ ಒಂದು ಓಣಿ. ನನ್ನ ತವರುಮನೆ ಆ ಕಡೆಯದೇ, ಅಪ್ಪ ಅರಿಶಿನ ಕುಂಕುಮದ ಅಂಗಡಿ ಇಟ್ಟುಕೊಂಡಿದ್ದರು. ಗಾಡಿ ಒಳಗೆ ಹೋಗುವುದಿಲ್ಲ ಎಂದು ನನಗೆ ಗೊತ್ತು. ಭಾಯಿ ಓಣಿಯ ಬಾಯಲ್ಲಿ ನಿಲ್ಲಿಸಿದರು, ನಾವು ಸ್ಟ್ರೆಚರ್ ಹೊತ್ತು ನಡೆದೆವು.

ಹಳೆಯ ಮನೆ. ನಡುಮನೆಯಲ್ಲಿ ಪೇಪರಿನ ಮೇಲೆ ಅರ್ಧ ಬಿಡಿಸಿದ ದಂಟಿನ ಸೊಪ್ಪು, ಪಕ್ಕದಲ್ಲಿ ಗೋಡೆಗೆ ಒರಗಿ ಒಬ್ಬ ವಯಸ್ಸಾದ ಹೆಂಗಸು. ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಅವರ ಮುಂದೆ ಪಂಚೆ ಉಟ್ಟ ಯಜಮಾನರು ಒಂದು ಕೈಯಲ್ಲಿ ತಾಮ್ರದ ಚೊಂಬು, ಇನ್ನೊಂದು ಕೈಯಲ್ಲಿ ಬೆಳ್ಳಿ ಲೋಟ ಹಿಡಿದು ಮಂಡಿಯೂರಿದ್ದರು. ಸುತ್ತ ಅಕ್ಕಪಕ್ಕದವರು.

"ತಾತ, ಒಂದ್ನಿಮಿಷ, ನೀರು ಕೊಡಬೇಡಿ," ಎಂದಳು ಹುಡುಗಿ ಬಾಗಿಲಿನಿಂದಲೇ. ಆಮೇಲೆ ಅಜ್ಜಿಯ ಎದುರು ಕುಳಿತು, ಅವರ ಕಣ್ಣಿನ ಮಟ್ಟಕ್ಕೆ ಮುಖ ತಂದು, ತಾನು ಯಾರು ಎಂದು ಹೇಳಿ, ಕೈ ಮುಟ್ಟುತ್ತೇನೆ ಎಂದು ಹೇಳಿ ಮುಟ್ಟಿದಳು. ಎರಡೂ ಕೈ ಎತ್ತಿಸಿದಳು, ಬಲಗೈ ಏಳಲಿಲ್ಲ. ನಗಿ ಅಜ್ಜಿ ಎಂದಳು, ನಗು ಅರ್ಧವೇ ಬಂತು. ಎಂಜಲು ನುಂಗಿ ಎಂದಳು, ಅದು ಬಾಯಿಯ ಮೂಲೆಯಿಂದ ಹೊರಗೆ ಇಳಿಯಿತು. ಸಕ್ಕರೆ ನೋಡಿದಳು, ಅದು ಸರಿಯಿತ್ತು. ಪಾರ್ಶ್ವವಾಯು. ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ ಎಂದು ಯಜಮಾನರನ್ನು ಕೇಳಿ ಗಡಿಯಾರ ನೋಡಿದಳು. ಈಗಷ್ಟೇ, ಸೊಪ್ಪು ಬಿಡಿಸುತ್ತ ಮಧ್ಯಾಹ್ನಕ್ಕೆ ಏನು ಮಾಡಲಿ ಎಂದು ಕೇಳುತ್ತಿದ್ದಳು, ತಾವು ಪೇಪರಿನಿಂದ ತಲೆ ಎತ್ತುವಷ್ಟರಲ್ಲಿ ಹೀಗಾಗಿದ್ದಳು ಎಂದರು. ಹೊತ್ತು ಮೀರಿರಲಿಲ್ಲ. ಬೇಗ ಒಯ್ದರೆ ಆಸ್ಪತ್ರೆಯಲ್ಲಿ ಮಾಡಲು ಬಹಳಷ್ಟು ಇತ್ತು.

ಅಷ್ಟರಲ್ಲಿ ಅಜ್ಜಿಯ ತುಟಿ ಅಲುಗಿತು. "ನೀ... ನೀ..."

"ನೀರು ಕೇಳ್ತಿದಾಳೆ," ಎಂದರು ಯಜಮಾನರು. "ಒಂದು ಗುಟುಕು ಕಣಮ್ಮ. ಇಷ್ಟು ವರ್ಷ ಏನೂ ಕೇಳ್ದೋಳಲ್ಲ. ನೀರು ಕೇಳಿದ್ಲು, ಗಂಡ ಕೊಡಲಿಲ್ಲ ಅಂತ ಆಗಬಾರದು."

"ಸಾಯೋರಿಗೂ ನೀರು ಬಿಡ್ತಾರೆ, ಇದೇನ್ರಿ ಇದು?" ಎಂದಳು ಹಿಂದಿನಿಂದ ಒಬ್ಬ ಹೆಂಗಸು. ಇನ್ನೊಬ್ಬರು ಹೌದು ಹೌದು ಎಂದರು.

ಹುಡುಗಿಯ ಕೈ ನಿಂತುಹೋಯಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನನ್ನ ನಾಲಿಗೆಯ ತುದಿಯಲ್ಲಿ ಆ ಹೆಂಗಸಿಗೆ ಹೇಳಬೇಕಾದ ಮಾತುಗಳು ಸಾಲಾಗಿ ನಿಂತಿದ್ದವು. ನುಂಗಿಕೊಂಡೆ. ಇವಳು ಈಗ ಕೊಟ್ಟರೆ ನಾನು ಲೋಟ ಕಿತ್ತುಕೊಳ್ಳಬೇಕು, ಕಿತ್ತುಕೊಂಡರೆ ಅವಳ ಗಾಡಿ ಅಲ್ಲಿಗೆ ಮುಗಿಯಿತು. ಕಿತ್ತುಕೊಳ್ಳುವ ಹಾಗೆ ಆಗದಿರಲಿ ಎಂದು ನಾನು ಅಪರೂಪಕ್ಕೆ ದೇವರನ್ನು ಬೇಡಿಕೊಂಡೆ.

ಅವಳು ಯಜಮಾನರ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿದಳು.

"ತಾತ, ನಮ್ಮಜ್ಜಿಗೆ ಒಂದು ಕಾಲದಲ್ಲಿ ಕೇಳುದ್ರೂ ನೀರು ಕೊಡ್ತಿರಲಿಲ್ಲ. ಕೇರಿಯೋರು ಅಂತ. ಬೊಗಸೆಗೆ ಮೇಲಿಂದ ಉಯ್ತಿದ್ರು. ಅಂಥವಳ ಮೊಮ್ಮಗಳು ನಾನು. ನೀರು ಕೇಳ್ದೋರ್ಗೆ ಇಲ್ಲ ಅನ್ನೋದು ನಂಗೆ ಎಷ್ಟು ಕಷ್ಟ ಅಂತ ನಿಮ್ಗೆ ಎಂಗೆ ಏಳ್ಲಿ? ಆದ್ರೂ ಏಳ್ತಿದೀನಿ. ಅಜ್ಜಿಗೆ ಈಗ ನುಂಗಕ್ಕೆ ಆಗ್ತಿಲ್ಲ, ನೀವೇ ನೋಡುದ್ರಲ್ಲ. ಈ ನೀರು ಒಟ್ಟೆಗೆ ಓಗಲ್ಲ, ಉಸಿರಿಗೆ ಓಯ್ತದೆ. ಅಜ್ಜಿಗೆ ನುಂಗಕ್ಕೆ ಬರ್ಲಿ, ನೀವೇ ಕೊಡೋರಂತೆ."

ಹಿಂದಿನ ಹೆಂಗಸು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಹುಡುಗಿ ಒಂದು ತುಂಡು ಹತ್ತಿಬಟ್ಟೆ ತೆಗೆದು ಯಜಮಾನರ ಕೈಗೆ ಕೊಟ್ಟಳು. ಲೋಟದಲ್ಲಿ ಅದ್ದಿ, ಪೂರ್ತಿ ಹಿಂಡಿ, ತುಟಿಗೆ ಮಾತ್ರ ಒತ್ತಿ ಎಂದಳು. ಅವರು ಹಾಗೇ ಮಾಡಿದರು. ಅಜ್ಜಿ ಕಣ್ಣು ಮುಚ್ಚಿ ತುಟಿ ಸವರಿಕೊಂಡರು, ಎಡಗೈಯಿಂದ ಗಂಡನ ಮಣಿಕಟ್ಟು ಹಿಡಿದುಕೊಂಡರು. ನನ್ನ ಕಣ್ಣು ತುಂಬಿತು. ಪುಸ್ತಕದಲ್ಲಿ ತುಟಿ ಒದ್ದೆ ಮಾಡಿ ಎಂದು ಇದೆ. ಗಂಡನ ಕೈಯಿಂದ ಮಾಡಿಸಿ ಎಂದು ಇಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ.

ತಲೆಯ ಕಡೆ ಎತ್ತರಿಸಿ ಸ್ಟ್ರೆಚರಿನಲ್ಲಿ ಮಲಗಿಸಿ ಗಾಡಿಗೆ ತಂದೆವು. ಹುಡುಗಿ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ತಿಳಿಸಿದಳು. ಯಜಮಾನರು ಚೊಂಬು ಲೋಟ ಬಿಡದೆ ಹತ್ತಿ ಬೆಂಚಿನ ಮೇಲೆ ಕುಳಿತರು. ಗಾಬರಿಯಲ್ಲಿ ಜನ ಏನೇನನ್ನೋ ಹಿಡಿದು ಬರುತ್ತಾರೆ, ಒಬ್ಬರು ಟಿವಿ ರಿಮೋಟ್ ತಂದಿದ್ದರು. ಗಾಡಿ ಹೊರಟಿತು. ಅವಳು ಮತ್ತೊಮ್ಮೆ ಬಿ.ಪಿ. ನೋಡಿ, ಅಜ್ಜಿಯ ಹೊದಿಕೆ ಸರಿಮಾಡಿ, ಕೈಗವಸು ತೆಗೆದು ಬೆವರು ಒರೆಸಿಕೊಂಡಳು.

"ನಿಮ್ಮಜ್ಜಿ ಇದಾರೇನಮ್ಮ?" ಎಂದು ಯಜಮಾನರು ಕೇಳಿದರು.

"ಅವ್ರೆ ತಾತ."

"ಯಾವೂರು?"

ಅವಳು ಊರಿನ ಹೆಸರು ಹೇಳಿದಳು. ಅವರು ಹೆಂಡತಿಯ ಪಾದದ ಮೇಲೆ ಕೈಯಿಟ್ಟರು.

"ನಮ್ಮ ಮೂಲವೂ ಆ ಸೀಮೆನೇ ಕಣಮ್ಮ. ನಮ್ಮ ಮನೇಲೂ ಹಂಗೇ ಹುಯ್ತಿದ್ರು. ಜಗಲಿ ಮೇಲಿಂದ. ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ, ಹುಡುಗ."

ಅವರು ಕೈಯಲ್ಲಿದ್ದ ಲೋಟದ ನೀರನ್ನು ಕಿಟಕಿಯಾಚೆ ಚೆಲ್ಲಿ, ಚೊಂಬಿನಿಂದ ಹೊಸದಾಗಿ ತುಂಬಿಸಿ ಅವಳ ಮುಂದೆ ಹಿಡಿದರು.

"ಬೆವೆತುಹೋಗಿದೀಯ. ತಗೋ."

ಗಾಡಿಯ ಹಿಂಭಾಗದಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ಪೆಪ್ಪರ್‌ಮೆಂಟ್ ಚೀಪಿದ್ದಕ್ಕೆ ನಾನು ಒಬ್ಬನನ್ನು ಕೆಳಗಿಳಿಸಿದ್ದೇನೆ. ಅವಳು ನನ್ನ ಕಡೆ ನೋಡಿದಳು. ನಾನು ಅಜ್ಜಿಯ ನಾಡಿ ಹಿಡಿದು ಮಾನಿಟರ್ ನೋಡತೊಡಗಿದೆ. ಅವಳು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಲೋಟ ತೆಗೆದುಕೊಂಡಳು. ಬೇರೆಯವರ ಮನೆಯ ಲೋಟವನ್ನು ನಾವ್ಯಾರೂ ತುಟಿಗೆ ತಾಗಿಸುವುದಿಲ್ಲ. ಅವಳೂ ತಲೆ ಹಿಂದಕ್ಕೆ ಹಾಕಿ ಲೋಟ ಮೇಲೆತ್ತಿದಳು. ಗಾಡಿ ತಿರುಗಿತು, ನೀರು ಗದ್ದದ ಮೇಲೆಲ್ಲ ಚೆಲ್ಲಿ ಯೂನಿಫಾರ್ಮಿಗೆ ಇಳಿಯಿತು.

"ಎತ್ತಬೇಡ ಮಗ, ಗಾಡಿ ಅಲ್ಲಾಡ್ತದೆ," ಎಂದರು ಯಜಮಾನರು. "ಕಚ್ಚಿಕೊಂಡೇ ಕುಡಿ."

ಅವಳು ಅವರ ಮುಖ ನೋಡಿದಳು. ಆಮೇಲೆ ಲೋಟವನ್ನು ತುಟಿಗಿಟ್ಟು ಪೂರ್ತಿ ಕುಡಿದಳು. ಅವರು ಲೋಟ ವಾಪಸ್ಸು ತೆಗೆದುಕೊಂಡು, ಚೊಂಬಿನಲ್ಲಿ ಉಳಿದದ್ದನ್ನು ಅದಕ್ಕೇ ಬಗ್ಗಿಸಿ, ಅದೇ ಅಂಚಿಗೆ ಬಾಯಿಟ್ಟು ತಾವೂ ಕುಡಿದರು. ಬೆಳಗಿನಿಂದ ಅವರ ಗಂಟಲಿಗೂ ಏನೂ ಇಳಿದಿರಲಿಲ್ಲ.

ಆ ಅಜ್ಜಿ ಬದುಕಿದರು. ಬಲಗೈ ಪೂರ್ತಿ ಬರಲಿಲ್ಲ ಎಂದು ಆಮೇಲೆ ಕೇಳಿದೆ. ಮಾತು ಬಂತು, ನುಂಗಲು ಬಂತು, ಸೊಪ್ಪು ಬಿಡಿಸುವ ಕೆಲಸ ಈಗ ಯಜಮಾನರದು. ಆದರೆ ಅದೆಲ್ಲ ತಿಳಿಯುವುದಕ್ಕೆ ಮುಂಚೆ, ಅವತ್ತು ಆಸ್ಪತ್ರೆಯಲ್ಲಿ ಅವರನ್ನು ಒಪ್ಪಿಸಿ ಹೊರಗೆ ಬಂದ ಕೂಡಲೇ ನಾನು ಸೂಪರ್‌ವೈಸರ್‌ಗೆ ಫೋನ್ ಮಾಡಿದೆ.

"ಕುರ್ಚಿಗೆ ಬೇರೆಯವರನ್ನ ನೋಡ್ಕೊಳ್ಳಿ ಸಾರ್. ಇವಳು ಗಾಡಿಗೆ."

"ನೀರಿನ ಕಥೆ ಏನಾಯ್ತು?"

"ಬಂದು ಹೇಳ್ತೀನಿ," ಎಂದು ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಅವಳಿಗೆ ಹೇಳೋಣವೆಂದು ಹುಡುಕಿದೆ. ಭಾಯಿ ಗಾಡಿಯ ಬಾಗಿಲು ತೆರೆದು ನೆಲ ಒರೆಸುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲ ಕಡೆ ಕಣ್ಣಿನಲ್ಲೇ ತೋರಿಸಿದರು. ಅವಳು ಅಲ್ಲಿ ನಮಗೆ ಬೆನ್ನು ಹಾಕಿ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಊಂ ಕಣಜ್ಜಿ, ಲೋಟದಲ್ಲೇ. ಬೆಳ್ಳಿದು. ಕಚ್ಚೇ ಕುಡ್ದೆ... ನಾನು ಯಾರು ಅಂತ ಏಳಿದ್ಮೇಲೇ ಕೊಟ್ಟಿದ್ದು... ಇಲ್ಲ ಕಣಜ್ಜಿ, ತೊಳೀಲಿಲ್ಲ. ಅದ್ರಲ್ಲೇ ಅವ್ರೂ ಕುಡುದ್ರು."

ಆ ಕಡೆಯಿಂದ ಉತ್ತರ ಬರಲಿಲ್ಲವೆಂದು ಕಾಣುತ್ತದೆ. ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗಿಟ್ಟುಕೊಂಡು, ಕಾದು ಕುಳಿತಳು.

"ಅಜ್ಜಿ? ಅಜ್ಜಿ, ಕೇಳುಸ್ತಾ?"